ಕುಂಭಾರಿಯ ಕೀಲಿಕೈ

ಆವತ್ತು 2006ರ ಸೆಪ್ಟೆಂಬರ್ 1, ಶುಕ್ರವಾರ. ಸೊಲ್ಲಾಪುರದ ಗಲ್ಲಿಗಲ್ಲಿಗೂ ಗಣಪತಿ ಕೂತಿದ್ದ. ಆದರೆ ಪೂರ್ವ ಭಾಗದ ಹೆಂಗಸರಿಗೆ ಆರತಿಯ ಕಡೆ ಲಕ್ಷ್ಯವೇ ಇರಲಿಲ್ಲ. ನಸುಕಿನಲ್ಲೇ ಎದ್ದು, ಬುತ್ತಿ ಕಟ್ಟಿಕೊಂಡು, ಸಿಕ್ಕ ಟೆಂಪೊ ಹತ್ತಿ ಅಕ್ಕಲಕೋಟೆ ರಸ್ತೆ ಹಿಡಿದಿದ್ದರು. ನಾನು ಆಗ ಅಕ್ಕಲಕೋಟೆ ತಾಲ್ಲೂಕಿನ ಕನ್ನಡ ಶಾಲೆಯೊಂದರಲ್ಲಿ ಮಾಸ್ತರ. ದಿನಾ ಎಸ್‌ಟಿ ಬಸ್ಸಿನಲ್ಲಿ ಓಡಾಟ. ಅವತ್ತು ಪ್ರಧಾನಮಂತ್ರಿ ಬರುವ ಗದ್ದಲದಲ್ಲಿ ಬಸ್ಸು ಕುಂಭಾರಿಯ ಹತ್ತಿರ ನಿಂತೇಬಿಟ್ಟಿತು. ಶಾಲೆ ಹೇಗೂ ತಪ್ಪಿತಲ್ಲ ಎಂದು ನಾನೂ ಇಳಿದು ಜನರ ಹಿಂದೆ ನಡೆದೆ.

ಅಲ್ಲಿ ಕೀಲಿಕೈ ಹಂಚುವ ಕಾರ್ಯಕ್ರಮ. ಬೀಡಿ ಕಟ್ಟುವ ಹೆಂಗಸರಿಗೆ ಹತ್ತು ಸಾವಿರ ಮನೆ! ಈಗ ಹೇಳಿದರೂ ನಿಮಗೆ ನಂಬಿಕೆ ಬರಲಿಕ್ಕಿಲ್ಲ.

ಈ ಹೆಂಗಸರು ಯಾರು ಅನ್ನುವುದನ್ನು ಮೊದಲು ಹೇಳಬೇಕು. ಸೊಲ್ಲಾಪುರದಲ್ಲಿ 1877ರಲ್ಲಿ ಮೊದಲ ದೊಡ್ಡ ಬಟ್ಟೆ ಗಿರಣಿ ಶುರುವಾಯಿತು. ನಾವೆಲ್ಲ ‘ಜುನಿ ಮಿಲ್’ ಅನ್ನುವುದು ಅದನ್ನೇ. ಅದಕ್ಕೂ ಮುಂಚಿನಿಂದ ನಿಜಾಮನ ಸೀಮೆಯ ನಲ್ಗೊಂಡ, ಕರೀಂನಗರದ ಕಡೆಯ ಪದ್ಮಶಾಲಿ ನೇಕಾರರು ಮಗ್ಗ ಹೆಗಲಿಗೇರಿಸಿ ಇಲ್ಲಿಗೆ ಬರುತ್ತಿದ್ದರು. ಗಿರಣಿಗಳು ಹೆಚ್ಚಿದಂತೆ ಊರಿಗೆ ಊರೇ ವಲಸೆ ಬಂತು. ನಮ್ಮ ಚಾದರು, ಟವೆಲು ದೇಶಕ್ಕೆಲ್ಲ ಗೊತ್ತಾಗಿದ್ದು ಅವರ ಕೈಯಿಂದ. ಆಮೇಲೆ ಒಂದೊಂದೇ ಗಿರಣಿ ಬಾಗಿಲು ಹಾಕಿತು. ಗಂಡಸರು ಕೈಕಟ್ಟಿ ಕೂತ ಮನೆಗಳಲ್ಲಿ ಒಲೆ ಆರದಂತೆ ನೋಡಿಕೊಂಡಿದ್ದು ಹೆಂಗಸರ ತೊಡೆಯ ಮೇಲಿನ ಬೀಡಿಯ ಮೊರ. ಎಲೆ ನೆನೆಸು, ಕತ್ತರಿಸು, ತಂಬಾಕು ತುಂಬಿ ಸುತ್ತು, ದಾರ ಕಟ್ಟು. ಸಂಜೆ ಕಾರ್ಖಾನೆಗೆ ಒಯ್ದರೆ ಅಲ್ಲಿನವ ಸರಿಯಿಲ್ಲ ಎಂದು ಒಂದು ಹಿಡಿ ತೆಗೆದು ಬಿಸಾಕುತ್ತಿದ್ದ. ಲೆಕ್ಕ ಸಾವಿರಕ್ಕೆ. ಬಿಸಾಕಿದ್ದಕ್ಕೆ ಕೂಲಿಯಿಲ್ಲ. ಇವರೊಳಗೆ ನಮ್ಮ ಕನ್ನಡದ ಹೆಂಗಸರೂ ಇದ್ದರು, ಮುಸ್ಲಿಂ ಹೆಂಗಸರೂ ಇದ್ದರು. ಒಂದು ಖೋಲಿಯಲ್ಲೇ ಅಡಿಗೆ, ಬಾಣಂತನ, ಬೀಡಿ.

ಇವರನ್ನು ಕೂಡಿಸಿದವರು ನರಸಯ್ಯ ಆಡಂ. ಗಿರಣಿ ಕಾರ್ಮಿಕನ ಮಗ, ಲಾಲ್ ಬಾವಟಾದವರು, ಅಂದರೆ ಕೆಂಬಾವುಟದ ಕಮ್ಯುನಿಸ್ಟರು. ಊರಿಗೆಲ್ಲ ಆಡಂ ಮಾಸ್ತರು. ನನ್ನಂಥ ಮಾಸ್ತರರು ಮಕ್ಕಳಿಗೆ ಲೆಕ್ಕ ಕಲಿಸಿದರೆ ಅವರು ತಾಯಂದಿರಿಗೆ ಕೂಲಿಯ ಲೆಕ್ಕ ಕೇಳುವುದನ್ನು ಕಲಿಸಿದರು. 1978, 1995, 2004ರಲ್ಲಿ ಶಾಸಕರಾದವರು. ಮೋರ್ಚಾ, ಧರಣಿ, ಜೈಲು ಅವರಿಗೆ ಹೊಸದಲ್ಲ. ನಾನು ಅವರ ಪಕ್ಷದವನಲ್ಲ, ಅವರ ಭಾಷಣ ಉದ್ದವಾದಾಗ ಎದ್ದು ಹೋಗಿದ್ದೂ ಉಂಟು. ಆದರೆ ಮನೆಯ ವಿಷಯದಲ್ಲಿ ಅವರು ತೋರಿಸಿದ ಧೈರ್ಯ ಘೋಷಣೆ ಕೂಗುವ ಧೈರ್ಯವಲ್ಲ.

ಒಂದು ಮನೆಗೆ ಅರವತ್ತು ಸಾವಿರ ರೂಪಾಯಿ. ಕೇಂದ್ರದ್ದು ಇಪ್ಪತ್ತು, ರಾಜ್ಯದ್ದು ಇಪ್ಪತ್ತು, ಉಳಿದ ಇಪ್ಪತ್ತು ಸಾವಿರ ಬೀಡಿ ಕಟ್ಟುವವಳದ್ದು. ಸರಕಾರಗಳು ಎಷ್ಟೋ ಬದಲಾದವು, ಒಂದರಿಂದ ಒಂದಕ್ಕೆ ಅರ್ಜಿ ಹೊತ್ತು ತಿರುಗಿದ್ದಾಯಿತು. ಅದು ಹೋಗಲಿ. ಸಹಕಾರಿ ಗೃಹನಿರ್ಮಾಣ ಸಂಘ ಕಟ್ಟಿ, ಹತ್ತು ಸಾವಿರ ಬಡ ಹೆಂಗಸರಿಂದ ಇಪ್ಪತ್ತು ಕೋಟಿ ಹೊಂದಿಸಿ, ಊರಾಚೆಯ ಬರೀ ಹೊಲ ತೋರಿಸಿ ‘ಇಲ್ಲೇ ನಿಮ್ಮ ಮನೆ’ ಅನ್ನಬೇಕಾದರೆ ಎದೆ ಎಷ್ಟು ಗಟ್ಟಿ ಇರಬೇಕು! ಕೆಲಸ ಕೆಟ್ಟಿದ್ದರೆ ಸಂಘವೂ ಉಳಿಯುತ್ತಿರಲಿಲ್ಲ, ಮಾಸ್ತರರೂ ಊರಲ್ಲಿ ತಲೆ ಎತ್ತುವಂತಿರಲಿಲ್ಲ. ನಮ್ಮ ಓಣಿಯಲ್ಲೇ ‘ರೊಕ್ಕ ಮುಳುಗಿತು’ ಎಂದು ನಕ್ಕವರಿದ್ದರು. ಪಕ್ಕದ ಮನೆಯ ಅಕ್ಕ ಕಿವಿಯ ಬೆಂಡೋಲೆ ಒತ್ತೆ ಇಟ್ಟು ಕಂತು ಕಟ್ಟಿದಳು. “ಯಾಕ್ರಿ ಅಕ್ಕಾ, ಹೊಲ ನೋಡಿ ರೊಕ್ಕ ಕೊಡ್ತೀರಿ?” ಎಂದು ಕೇಳಿದ್ದೆ. “ಮಾಸ್ತರ್, ಬಾಡಿಗಿ ಕಟ್ಟಿದ್ದೂ ಮುಳುಗಿದ ರೊಕ್ಕನ ಅಲ್ಲೇನ್ರಿ?” ಅಂದಳು. ನಾನು ಮುಂದೆ ಮಾತಾಡಲಿಲ್ಲ.

ಆ ವಸಾಹತಿಗೆ ಗೋದೂತಾಯಿ ಪರುಳೇಕರರ ಹೆಸರು. ಠಾಣೆಯ ಕಾಡಿನಲ್ಲಿ ವಾರ್ಲಿ ಆದಿವಾಸಿಗಳ ಜೀತ ಬಿಡಿಸಲು 1945ರಲ್ಲಿ ನಿಂತ ಹೆಣ್ಣುಮಗಳು ಆಕೆ. ಹೆಂಗಸರ ದುಡ್ಡಿನ ಮನೆಗಳಿಗೆ ಒಪ್ಪುವ ಹೆಸರು.

ವೇದಿಕೆ ನನಗೆ ಸರಿಯಾಗಿ ಕಾಣಲಿಲ್ಲ. ಮನಮೋಹನ್ ಸಿಂಗರ ನೀಲಿ ಪೇಟ ಅಷ್ಟೇ ಕಂಡಿದ್ದು. ನನ್ನ ಕಣ್ಣು ಸುತ್ತಲಿನ ಹೆಂಗಸರ ಮೇಲೆಯೇ. ತೆಲುಗಿನಲ್ಲಿ ಅಳುತ್ತಿದ್ದರು, ಮರಾಠಿಯಲ್ಲಿ ಜಯಕಾರ ಹಾಕುತ್ತಿದ್ದರು, ನನ್ನನ್ನು ಕಂಡು ಕನ್ನಡದಲ್ಲಿ “ನೀವೂ ಬಂದ್ರೇನ್ರಿ ಮಾಸ್ತರ್” ಎಂದು ವಿಚಾರಿಸಿದರು. ನಮ್ಮ ಅಕ್ಕ ಒಳಗಿನ ಗೋಡೆಗೆ ಅಂಗೈ ಊರಿ ನೋಡಿ, ಗಿಲಾಯಿ ಇನ್ನೂ ಹಸಿ ಐತಿ ಎಂದು ತಕರಾರು ತೆಗೆದಳು. ತನ್ನ ಮನೆಯಾದ ಮೇಲೆ ತಕರಾರಿನ ಹಕ್ಕೂ ಅವಳದೇ ತಾನೆ?

ತಕರಾರುಗಳು ಸುಳ್ಳೇನೂ ಆಗಿರಲಿಲ್ಲ. ಕುಂಭಾರಿ ಊರಿಂದ ದೂರ. ಕೆಲಸ ಊರೊಳಗೆ. ಬಸ್ಸಿನ ಖರ್ಚು ಬೇರೆ. ಮನೆ ಕಟ್ಟಿದಷ್ಟಕ್ಕೆ ಬದುಕು ಕಟ್ಟಿದಂತಾಗುವುದಿಲ್ಲ ಎಂದು ಬೈದವರನ್ನು ನಾನು ಕೇಳಿದ್ದೇನೆ, ಅವರ ಮಾತನ್ನು ತಳ್ಳಿಹಾಕಲಾರೆ.

ಆಡಂ ಮಾಸ್ತರರು ಅಲ್ಲಿಗೇ ನಿಲ್ಲಲಿಲ್ಲ. ಅದೇ ಕುಂಭಾರಿಯಲ್ಲಿ ಮೂವತ್ತು ಸಾವಿರ ಮನೆಗಳ ರೇನಗರಕ್ಕೆ ಕೈ ಹಾಕಿದರು. ಬೀಡಿಯವರ ಜೊತೆಗೆ ಪವರ್‌ಲೂಮಿನವರು, ಚಿಂದಿ ಆಯುವವರು, ಕಟ್ಟಡ ಕೂಲಿಗಳು, ಎಲ್ಲ ಅಸಂಘಟಿತರಿಗೂ ಸೇರಿ. 2019ರ ಜನವರಿ 9ರಂದು ಅಡಿಗಲ್ಲು ಹಾಕಲು ಬಂದವರು ನರೇಂದ್ರ ಮೋದಿ. ಕೆಂಬಾವುಟದ ಮನುಷ್ಯ ಆ ವೇದಿಕೆಯಲ್ಲಿ ಪ್ರಧಾನಿಯನ್ನು ಹೊಗಳಿದರು. ಅವರ ಪಕ್ಷಕ್ಕೆ ಅದು ಸರಿಬರಲಿಲ್ಲ, ಕೇಂದ್ರ ಸಮಿತಿಯಿಂದ ಮೂರು ತಿಂಗಳು ಅಮಾನತು ಮಾಡಿತು. ಹೊಗಳಿಕೆ ಬೇಕಿತ್ತೇ? ಬೇಡವಾಗಿತ್ತು ಅಂತಲೇ ನನ್ನ ಅನಿಸಿಕೆ. ಆದರೆ ಮೂವತ್ತು ಸಾವಿರ ಸಂಸಾರಗಳ ಸೂರಿಗಾಗಿ ತನ್ನವರ ಕೈಲೇ ಶಿಕ್ಷೆ ಉಣ್ಣಲು ಎಷ್ಟು ಮುಖಂಡರು ಮುಂದೆ ಬರುತ್ತಾರೆ, ನೀವೇ ಹೇಳಿ. ಆ ಪೈಕಿ ಹದಿನೈದು ಸಾವಿರ ಮನೆಗಳ ಹಸ್ತಾಂತರ 2024ರ ಜನವರಿ 19ರಂದು ಆಯಿತು. ಇಷ್ಟೆಲ್ಲ ಮಾಡಿದರೂ 2004ರಲ್ಲಿ ಗೆದ್ದ ಮೇಲೆ ಮಾಸ್ತರರು ವಿಧಾನಸಭೆಗೆ ಮತ್ತೆ ಆರಿಸಿ ಬರಲೇ ಇಲ್ಲ.

ಸ್ವಾಮಿ ಸಮರ್ಥರ ದರ್ಶನಕ್ಕೆ ಸೊಲ್ಲಾಪುರದ ಮೇಲಿಂದ ಅಕ್ಕಲಕೋಟೆಗೆ ಹೋಗುವವರು ನಿಮ್ಮಲ್ಲಿ ಬಹಳ ಮಂದಿ. ಮುಂದಿನ ಸಲ ಕುಂಭಾರಿಯಲ್ಲಿ ಗಾಡಿ ನಿಲ್ಲಿಸಿ, ಒಂದು ಮನೆಯ ಮುಂದೆ ನಿಂತು ನೀರು ಕೇಳಿರಿ. ಯಾವ ಭಾಷೆಯಲ್ಲಿ ಕೇಳಿದರೂ ಕೊಡುತ್ತಾರೆ.