ಪುಟ್ಟು ಮನೆಗೆ ಬಂದ ಮೇಲೆ



2024ರ ಗಣೇಶನ ಹಬ್ಬದ ದಿನ ಊಟದ ಸಾಲಿನಲ್ಲಿ ನಿಮ್ಮಲ್ಲಿ ಕೆಲವರು, "ಅಂಕಲ್, ಕೈಗೆ ಏನಾಯ್ತು?" ಎಂದು ಕೇಳಿದ್ದಿರಿ. ಹೆಬ್ಬೆರಳಿಗೆ ದಪ್ಪನೆಯ ಬ್ಯಾಂಡೇಜು ಇತ್ತು. ಚಾಕು ತಗುಲಿತು ಎಂದು ಹೇಳಿದ್ದೆ. ಅದು ಸುಳ್ಳು. ಗಿಳಿ ಕಚ್ಚಿತ್ತು. ಐವತ್ತೆಂಟು ವರ್ಷದ ಗಂಡಸು ಗಿಳಿಯ ಕೈಯಲ್ಲಿ ಕಚ್ಚಿಸಿಕೊಂಡೆ ಎಂದು ಪಾಯಸ ಬಡಿಸುವವರ ಎದುರಿಗೆ ಹೇಳಿಕೊಳ್ಳಲು ನಾಚಿಕೆಯಾಯಿತು. ಅಲ್ಲದೆ ತಪ್ಪು ಗಿಳಿಯದಾಗಿರಲಿಲ್ಲ, ನನ್ನದೇ.

ಮುನಿರ್ಕಾದ ಡಿ.ಡಿ.ಎ. ಫ್ಲಾಟಿನಲ್ಲಿ ನಮ್ಮ ಮೇಲಿನ ಮಹಡಿಯಲ್ಲಿ ಮೈಸೂರು ಕಡೆಯ ಹಿರಿಯ ದಂಪತಿಗಳಿದ್ದರು. ಅವರ ಮನೆಯಲ್ಲಿ ಆಫ್ರಿಕದ ಬೂದು ಗಿಳಿಯೊಂದಿತ್ತು. ಮೈಯೆಲ್ಲ ಬೂದಿ ಬಣ್ಣ, ಬಾಲ ಮಾತ್ರ ಕುಂಕುಮ ಕೆಂಪು. ಹೆಸರು ಪುಟ್ಟು. 2005ರಲ್ಲಿ ಮರಿಯಾಗಿ ಬಂದದ್ದು. 2022ರಲ್ಲಿ ಯಜಮಾನರು ತೀರಿಕೊಂಡರು. ಎರಡು ವರ್ಷದ ಮೇಲೆ ಆ ತಾಯಿ ಮೈಸೂರಿನ ಮಗನ ಮನೆಗೆ ಹೊರಟು ನಿಂತರು. ಅಲ್ಲಿ ಮೊಮ್ಮಗನಿಗೆ ಉಬ್ಬಸ. ಬೂದು ಗಿಳಿಯ ಗರಿಗಳಿಂದ ಸದಾ ಬಿಳಿಯ ಹುಡಿ ಉದುರುತ್ತದೆ, ಉಬ್ಬಸದ ಮಗುವಿರುವ ಮನೆಗೆ ಅದು ಆಗದು. "ನೀವು ಇಟ್ಟುಕೊಳ್ತೀರಾ?" ಎಂದು ಕೇಳಿದಾಗ ನನ್ನ ಹೆಂಡತಿ ಬೇಡವೆನ್ನುವಷ್ಟರಲ್ಲಿ ಮಗಳು "ಹಾಂ ಆಂಟಿ" ಎಂದುಬಿಟ್ಟಳು.

ಇಲ್ಲಿ ಒಂದು ಮಾತು. ಸಂಜೆಯ ಹೊತ್ತು ಜೆ.ಎನ್.ಯು. ಕಡೆಯ ಮರಗಳಿಗೆ ಕಿರುಚುತ್ತಾ ಹಾರುವ ನಮ್ಮ ಹಸಿರು ಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮ ಅಜ್ಜಿ ಊರಲ್ಲಿ ಸಾಕಿದ್ದರು, ಗಿಣಿಶಾಸ್ತ್ರದವನ ಬಳಿ ಇತ್ತು ಎಂಬ ವಾದ ನಡೆಯದು. ಹೊರದೇಶದ ಬೂದು ಗಿಳಿಯೂ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧದ ಪಟ್ಟಿಯಲ್ಲಿದೆ. ಮನೆಯಲ್ಲಿರುವುದನ್ನು 2024ರ ನಿಯಮಗಳಂತೆ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಕೈ ಬದಲಾದರೆ ತಿಳಿಸಬೇಕು. ಆ ಕಾಗದಪತ್ರವೆಲ್ಲ ಅವರ ಮಗ ಮಾಡಿಕೊಟ್ಟರು.

ಪುಟ್ಟು ನಮ್ಮಲ್ಲಿಗೆ ಬಂದದ್ದು ಒಂದೇ ಮಹಡಿ ಕೆಳಗೆ. ಹದಿನೆಂಟು ಮೆಟ್ಟಿಲು. ಆದರೆ ಅದರ ಪಾಲಿಗೆ ಅದು ಬೇರೆ ದೇಶವೇ ಆಗಿತ್ತು. ಪಂಜರದ ಮೂಲೆಗೆ ಸರಿದು ಗರಿಗಳನ್ನು ಮೈಗೆ ಬಿಗಿಯಾಗಿ ಅಂಟಿಸಿಕೊಂಡು ಕೂತಿತು. ಊಟ ಕಮ್ಮಿ, ಮಾತು ಇಲ್ಲವೇ ಇಲ್ಲ. ನಾಲ್ಕನೆಯ ದಿನ ಪಂಜರ ತೊಳೆಯಬೇಕೆಂದು ಹಳೆಯ ಸ್ಕೂಟರ್ ಗ್ಲೌಸು ಹಾಕಿಕೊಂಡು ಅದನ್ನು ಹಿಡಿಯಲು ಹೋದೆ. ಗ್ಲೌಸಿನ ಒಳಗಿಂದಲೇ ಕಚ್ಚಿತು. ಅದಕ್ಕಿಂತ ಕೆಟ್ಟದ್ದೆಂದರೆ, ಮಾರನೆಯ ದಿನದಿಂದ ಎದೆಯ ಗರಿಗಳನ್ನು ತಾನೇ ಕಿತ್ತುಕೊಳ್ಳತೊಡಗಿತು.

ಹೆದರಿ ಪಕ್ಷಿಗಳನ್ನು ನೋಡುವ ವೈದ್ಯೆಯೊಬ್ಬರ ಬಳಿಗೆ ಓಡಿದೆವು. ಕಾಯಿಲೆಯೇನೂ ಇಲ್ಲವೆಂದು ಪರೀಕ್ಷಿಸಿದ ಮೇಲೆ ಆಕೆ ನನ್ನನ್ನೇ ವಿಚಾರಿಸಿಕೊಂಡರು. "ಕಚ್ಚುವ ಮೊದಲು ಅದು ಏನು ಮಾಡಿತು?" ಹಿಂದಕ್ಕೆ ವಾಲಿತ್ತು. ಕತ್ತಿನ ಗರಿ ಎದ್ದಿತ್ತು. ತಿಳಿ ಹಳದಿ ಕಣ್ಣಿನೊಳಗಿನ ಕಪ್ಪು ಬೊಟ್ಟು ಕಿರಿದಾಗಿ ಹಿರಿದಾಗಿ ಮಿಟುಕುತ್ತಿತ್ತು. "ಮೂರು ಸಲ ಬೇಡ ಅಂದಿದೆ. ನೀವು ಕೇಳಲಿಲ್ಲ. ನಾಲ್ಕನೆಯ ಸಲ ಕಚ್ಚಿದೆ" ಎಂದರು. ದಿಲ್ಲಿಯಲ್ಲಿ ಮೂವತ್ತು ವರ್ಷ ಕಚೇರಿ ನಡೆಸಿದವನಿಗೆ ಇಷ್ಟು ಸರಳವಾಗಿ ಯಾರೂ ಬೈದಿರಲಿಲ್ಲ.

ಅವರು ಹೇಳಿದ್ದು ಇಷ್ಟೇ. ಪಂಜರದ ಒಂದು ಬದಿ ಗೋಡೆಗೆ ಒರಗಿರಲಿ, ನಾಲ್ಕೂ ಕಡೆ ತೆರೆದಿದ್ದರೆ ಹಕ್ಕಿಗೆ ದಿಗಿಲು. ರಾತ್ರಿ ಹತ್ತು ಹನ್ನೆರಡು ಗಂಟೆ ನಿದ್ರೆ ಬೇಕು. ಸೂರ್ಯಕಾಂತಿ ಬೀಜ ಒಂದರಿಂದಲೇ ಬದುಕಿಸಬೇಡಿ, ಕ್ಯಾರೆಟ್ಟು, ಸೊಪ್ಪು ನಿಧಾನವಾಗಿ ಅಭ್ಯಾಸವಾಗಲಿ. ನಾನ್‌ಸ್ಟಿಕ್ ಬಾಣಲೆ ಕಾದು ಹೊಗೆಯಾಡಿದರೆ ಅದೇ ಹೊಗೆಗೆ ಗಿಳಿ ಸತ್ತುಹೋಗುತ್ತದೆ. (ನನ್ನ ಹೆಂಡತಿ ಆ ಸಂಜೆಯೇ ದೋಸೆಗೆ ಕಬ್ಬಿಣದ ಕಾವಲಿ ಇಳಿಸಿದಳು. ದೋಸೆಗೂ ಒಳ್ಳೆಯದೇ ಆಯಿತು.) ಕೈ ಮಾತ್ರ ಒಳಗೆ ಹಾಕಬೇಡಿ. ಸುಮ್ಮನೆ ಹತ್ತಿರ ಕೂತಿರಿ.

ಸುಮ್ಮನೆ ಕೂರುವುದು ಎಷ್ಟು ಕಷ್ಟ ಗೊತ್ತೆ? ಪಂಜರದಿಂದ ಆರಡಿ ದೂರ ಕುರ್ಚಿ ಹಾಕಿಕೊಂಡು ದಿನವೂ ಕನ್ನಡ ಪತ್ರಿಕೆಯನ್ನು ಗಟ್ಟಿಯಾಗಿ ಓದತೊಡಗಿದೆ. ಗರಿ ಬಿಗಿಯಾದರೆ ಕುರ್ಚಿ ಹಿಂದಕ್ಕೆ, ಸಡಿಲವಾದರೆ ಒಂದು ಗೇಣು ಮುಂದಕ್ಕೆ. ಎದ್ದು ಹೋಗುವಾಗ ಬಟ್ಟಲಿಗೆ ಒಂದು ಚೂರು ಅಕ್ರೋಟು. ಮೂರು ವಾರದಲ್ಲಿ ಕುರ್ಚಿ ಎರಡಡಿಗೆ ಬಂತು. ಒಂದು ಸಂಜೆ ಪುಟ್ಟು ಕಣ್ಣು ಅರೆಮುಚ್ಚಿ ಕೊಕ್ಕನ್ನು ಕರಕರ ಮಸೆಯಿತು. ಕೋಪವೆಂದುಕೊಂಡೆ. ಅಲ್ಲವಂತೆ, ನೆಮ್ಮದಿಯಾದಾಗ ಗಿಳಿಗಳು ಹಾಗೆ ಮಾಡುತ್ತವೆ.

ಆಮೇಲೆ ಮಗಳು ಸೇರಿಕೊಂಡಳು. ಅವಳಿಗೆ ಹತ್ತೊಂಬತ್ತು, ಪುಟ್ಟುವಿಗೂ ಹತ್ತೊಂಬತ್ತು. ನಿಮ್ಮಲ್ಲಿ ಹಲವರಂತೆ ಅವಳೂ ಕನ್ನಡ ಅರ್ಥ ಮಾಡಿಕೊಳ್ಳುತ್ತಾಳೆ, ಉತ್ತರ ಹಿಂದಿಯಲ್ಲಿ. ಅಮೆರಿಕದ ಐರೀನ್ ಪೆಪರ್‌ಬರ್ಗ್ ಎಂಬ ವಿಜ್ಞಾನಿ ಅಲೆಕ್ಸ್ ಎಂಬ ಬೂದು ಗಿಳಿಗೆ ಕಲಿಸಿದ ರೀತಿಯನ್ನು ಅವಳೇ ಓದಿ ಹೇಳಿದಳು. 1977ರಲ್ಲಿ ಅಂಗಡಿಯಿಂದ ತಂದ ಆ ಗಿಳಿ 2007ರಲ್ಲಿ ಸಾಯುವ ಹೊತ್ತಿಗೆ ಬಣ್ಣ, ಆಕಾರ, ಆರರವರೆಗಿನ ಎಣಿಕೆ ಹೇಳುತ್ತಿತ್ತಂತೆ. ಕಲಿಸಿದ್ದು ಹೇಗೆಂದರೆ, ಗಿಳಿಯ ಎದುರಿಗೆ ಇಬ್ಬರು ಕೂತು ಒಬ್ಬರು ಕೇಳುವುದು, ಇನ್ನೊಬ್ಬರು ಹೇಳಿ ವಸ್ತುವನ್ನು ಪಡೆಯುವುದು. ಗಿಳಿ ನೋಡುತ್ತಾ ನೋಡುತ್ತಾ ತಾನೂ ನಡುವೆ ಬಾಯಿ ಹಾಕುತ್ತದೆ.

ನಮಗೆ ಮಾತು ಕಲಿಸಬೇಕಿರಲಿಲ್ಲ. ಕೈಯಿಂದ ಕೇಡಿಲ್ಲ ಎಂದು ತೋರಿಸಬೇಕಿತ್ತು. ಹೀಗಾಗಿ ಅಪ್ಪ ಮಗಳು ಪಂಜರದ ಮುಂದೆ ಕೂತು ನಾಟಕ ಶುರುಮಾಡಿದೆವು. "ಏನು ಬೇಕು?" "ಅಕ್ರೋಟು ಕೊಡಿ." "ತಗೋ." "ಸಾಕು." ಮೊದಲ ದಿನ ಹಿಂದಿಯಲ್ಲಿ ಆಡಿದಾಗ ಪುಟ್ಟು ಬೆನ್ನು ತಿರುಗಿಸಿತು. ಕನ್ನಡಕ್ಕೆ ಕತ್ತು ಓರೆ ಮಾಡಿತು. ವೈದ್ಯೆ ನಕ್ಕು, "ಅದಕ್ಕೆ ಭಾಷೆಯಲ್ಲ, ರಾಗದ ಗುರುತು" ಎಂದರು. ಇರಬಹುದು. ಆದರೆ ಆ ರಾಗಕ್ಕಾಗಿ ನನ್ನ ಮಗಳು ಮೈಸೂರಿಗೆ ಫೋನು ಮಾಡಿ, "ಅಜ್ಜಿ, ತಾತ 'ಬಾ' ಅಂತ ಹೇಗೆ ಕರೀತಿದ್ರು?" ಎಂದು ಕೇಳಿದಳು. ಅರ್ಧ ಗಂಟೆ ಮಾತಾಡಿದರು, ಪೂರ್ತಿ ಕನ್ನಡದಲ್ಲಿ. ನಾನು ಪತ್ರಿಕೆ ಹಿಡಿದುಕೊಂಡು ಓದುವಂತೆ ನಟಿಸಿದೆ.

ದೀಪಾವಳಿ ಬಂದು ಎಲ್ಲ ಕೆಡಿಸಿತು. ನಿಷೇಧವಿದ್ದರೂ ಪಟಾಕಿಯೇನು ನಿಲ್ಲಲಿಲ್ಲ. ಕಿಟಕಿ ಮುಚ್ಚಿ, ಪರದೆ ಎಳೆದು, ಮಗಳು ರಾತ್ರಿಯೆಲ್ಲ ಪಂಜರದ ಪಕ್ಕದಲ್ಲೇ ಚಾಪೆ ಹಾಕಿಕೊಂಡಳು. ಆದರೂ ಬೆಳಗ್ಗೆ ನೆಲದ ಮೇಲೆ ಗರಿಗಳಿದ್ದವು. ಕುರ್ಚಿ ಮತ್ತೆ ನಾಲ್ಕಡಿಗೆ ಹೋಯಿತು. ಎರಡು ತಿಂಗಳ ಕೆಲಸ ಎರಡು ರಾತ್ರಿಗೆ ಹೋಯಿತಲ್ಲ ಎಂದು ನಾನು ಸಿಟ್ಟಾದೆ. ಅವಳು ಸಿಟ್ಟಾಗಲಿಲ್ಲ. ಮತ್ತೆ "ಏನು ಬೇಕು?" ಎಂದು ಕೂತಳು.

ಜನವರಿಯ ಚಳಿಯಲ್ಲಿ ಒಂದು ಮಧ್ಯಾಹ್ನ, ಪಂಜರದ ಬಾಗಿಲು ತೆರೆದಿಟ್ಟು ಅವಳು ತೋಳು ಚಾಚಿ "ಬಾ" ಎಂದಳು, ಆ ತಾತನ ಎಳೆತದಲ್ಲಿ. ಪುಟ್ಟು ತುಂಬ ಹೊತ್ತು ನೋಡಿತು. ಮೊದಲು ಕೊಕ್ಕಿನಿಂದ ಅವಳ ಮಣಿಕಟ್ಟನ್ನು ಒತ್ತಿ ನೋಡಿತು. ಗಿಳಿಗಳು ಕೊಂಬೆ ಗಟ್ಟಿಯಿದೆಯೇ ಎಂದು ನೋಡುವುದು ಹಾಗೆಯೇ. ಆ ಕ್ಷಣ ಕೈ ಎಳೆದುಕೊಂಡರೆ ಎಲ್ಲ ಮುಗಿಯಿತು. ಅವಳು ಎಳೆದುಕೊಳ್ಳಲಿಲ್ಲ. ಒಂದು ಕಾಲಿಟ್ಟಿತು, ಮತ್ತೊಂದು.

ನನ್ನ ತೋಳಿಗೆ ಇನ್ನೂ ಬಂದಿಲ್ಲ. ಅಕ್ರೋಟನ್ನು ಕೈಯಿಂದ ತೆಗೆದುಕೊಳ್ಳುತ್ತದೆ, ಅಷ್ಟೇ. ಸ್ಕೂಟರ್ ಗ್ಲೌಸನ್ನು ಮರೆತಂತಿಲ್ಲ.

ಅದೇ ವಾರ ಒಂದು ರಾತ್ರಿ ದೀಪ ಆರಿಸಿ ಪಂಜರಕ್ಕೆ ಬಟ್ಟೆ ಹೊದಿಸಿದ ಮೇಲೆ ಕತ್ತಲಿನಿಂದ ಗಂಡಸಿನ ದನಿಯೊಂದು ಕೇಳಿತು. "ಕಾಫಿ ಆಯ್ತಾ?" ಮೇಲಿನ ಮನೆಯ ಯಜಮಾನರದೇ ದನಿ, ಕೊನೆಯ ಸಣ್ಣ ಕೆಮ್ಮಿನ ಸಮೇತ. ನಾವು ಮೂವರೂ ನಿಂತಲ್ಲೇ ನಿಂತೆವು.

ಮೈಸೂರಿಗೆ ಹೇಳಬೇಕೇ ಬೇಡವೇ ಎಂದು ಮನೆಯಲ್ಲಿ ಚರ್ಚೆಯಾಯಿತು. ದುಃಖ ಕೆದಕಿದಂತಾಗುತ್ತದೆ ಎಂದು ನಾನು. ಮಗಳು ಕೇಳದೆ ಬೆಳಗ್ಗೆ ಫೋನು ಮಾಡಿದಳು. ಆ ಕಡೆ ಒಂದು ನಿಮಿಷ ಸದ್ದೇ ಇಲ್ಲ. ಆಮೇಲೆ ಆ ತಾಯಿ ಕೇಳಿದರು:

"ಸಕ್ಕರೆ ಕಮ್ಮಿ ಅಂತ ಹೇಳಲಿಲ್ವಾ?"

ಇನ್ನೂ ಹೇಳಿಲ್ಲ. ದಿನವೂ ರಾತ್ರಿ ಬಟ್ಟೆ ಹೊದಿಸಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತೇವೆ.