ಫೋಟೋ ಇಲ್ಲದ ವರದಿ

ಬೆಲೀಜ್ ದೇಶದ ಆಕ್ಟುನ್ ತುನಿಚಿಲ್ ಮುಕ್ನಾಲ್ ಗುಹೆ. ಬಾಗಿಲಲ್ಲೇ ನೀರು, ಈಜಿಕೊಂಡೇ ಒಳಗೆ ಹೋದೆವು. ಮೇಲೆ ಹತ್ತಿದ ಮೇಲೆ ಗೈಡ್ ಶೂ ಬಿಚ್ಚಿಸಿದರು. ಮುಂದೆ ಸಾಕ್ಸ್‌ನಲ್ಲೇ ನಡಿಗೆ. ಮೊಬೈಲ್, ಕ್ಯಾಮೆರಾ ಕೂಡದು. 2012ರಲ್ಲಿ ಪ್ರವಾಸಿಯೊಬ್ಬರ ಕ್ಯಾಮೆರಾ ಕೈಜಾರಿ ಬಿದ್ದು ಸಾವಿರ ವರ್ಷ ಹಳೆಯ ತಲೆಬುರುಡೆ ಒಡೆಯಿತಂತೆ. ಫೋಟೋ ಇಲ್ಲದೆ ಸುದ್ದಿ ಕಳಿಸಿ ಗೊತ್ತಿಲ್ಲದ ನನಗೆ ಕೈ ಖಾಲಿ ಅನಿಸಿತು.

ನೆಲದ ಮೇಲೆ ಮಡಕೆಗಳು. ಮಾಯಾ ಜನರಿಗೆ ಗುಹೆ ಎಂದರೆ ಪಾತಾಳದ ಬಾಗಿಲು. ಬರ ಬಿದ್ದಾಗ ಮಳೆದೇವರು ಚಾಕ್‌ಗೆ ಇಲ್ಲಿ ಹರಕೆ ಒಪ್ಪಿಸಿದರು, ಮನುಷ್ಯರನ್ನೂ ಬಲಿ ಕೊಟ್ಟರು ಎನ್ನುತ್ತಾರೆ ಸಂಶೋಧಕರು. ಕೊನೆಯಲ್ಲಿ ಹದಿಹರೆಯದ ಜೀವವೊಂದರ ಅಸ್ಥಿಪಂಜರ, ಸುಣ್ಣದ ಪದರ ಕಟ್ಟಿ ಹೊಳೆಯುತ್ತಿತ್ತು.

ಬರಗಾಲದಲ್ಲಿ ಬಿರುಕುಬಿಟ್ಟ ಹೊಲದಲ್ಲಿ ರೈತರನ್ನು ನಿಲ್ಲಿಸಿ ಎಷ್ಟೋ ಫೋಟೋ ತೆಗೆದಿದ್ದೇನೆ. ಕೇಳಿ ತೆಗೆದದ್ದು ಕಡಿಮೆ. ಅವತ್ತು ಸುಮ್ಮನೆ ನಿಂತೆ.