ತಾನೇ ಒಡೆದ ಗಾಜು

ಮಕ್ಕಳಿರುವ ಮನೆಯಲ್ಲಿ ಸಾಮಾನುಗಳು ತಾವಾಗಿಯೇ ಒಡೆಯುತ್ತವೆ. ಲೋಟ ತಾನೇ ಕೆಳಗೆ ಬೀಳುತ್ತದೆ, ಪೆನ್ನಿನ ಮೂತಿ ತಾನೇ ಮುರಿಯುತ್ತದೆ, ಟೀವಿಯ ರಿಮೋಟು ತಾನೇ ಎರಡು ಹೋಳಾಗುತ್ತದೆ. ಮೂವತ್ತೆರಡು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದ ನನಗೆ ಈ ‘ತಾನೇ’ ಎಂಬ ಪದದ ಪರಿಚಯ ಚೆನ್ನಾಗಿಯೇ ಇದೆ. ನಮ್ಮ ಪ್ರಯೋಗಾಲಯದಲ್ಲಿ ಎಷ್ಟು ಥರ್ಮಾಮೀಟರುಗಳು, ಎಷ್ಟು ಗಾಜಿನ ಪಟ್ಟಕಗಳು ತಾವಾಗಿಯೇ ಒಡೆದವೋ ಲೆಕ್ಕವಿಟ್ಟವನಲ್ಲ. ಆದ್ದರಿಂದ ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಎದುರು ಮನೆಯ ಹುಡುಗ ನನ್ನ ಕಾರಿನ ಪಕ್ಕ ನಿಂತು, “ಅದು ತಾನೇ ಒಡೀತು ಸಾರ್” ಎಂದಾಗ ನಾನು ನಕ್ಕುಬಿಟ್ಟೆ. ಅದು ಒಳ್ಳೆಯ ನಗೆಯಾಗಿರಲಿಲ್ಲ.

ನಾವಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಮೇ ತಿಂಗಳೆಂದರೆ ನಮ್ಮೂರಿನಲ್ಲಿ ಬಿಸಿಲು ನೆಲದಿಂದಲೇ ಮೇಲೇಳುತ್ತದೆಯೇನೋ ಅನ್ನಿಸುತ್ತದೆ. ದೊಡ್ಡವರೆಲ್ಲ ಫ್ಯಾನಿನ ಕೆಳಗೆ ಬಿದ್ದುಕೊಂಡಿರುವ ಹೊತ್ತಿನಲ್ಲಿ ರಸ್ತೆ ಹುಡುಗರ ಪಾಲು. ವಿದ್ಯುತ್ ಕಂಬವೇ ವಿಕೆಟ್ಟು, ನಮ್ಮ ಗೇಟೇ ಬೌಂಡರಿ. ನನ್ನ ಹಳೆಯ ಸಣ್ಣ ಕಾರು ಗೇಟಿನ ಹೊರಗೆ ನಿಂತಿತ್ತು. ಒಳಗಿನ ಕಾವು ಹೊರಗೆ ಹೋಗಲೆಂದು ಹಿಂದಿನ ಎಡಬಾಗಿಲಿನ ಗಾಜನ್ನು ಎರಡು ಬೆರಳಿನಷ್ಟು ಇಳಿಸಿಟ್ಟಿದ್ದೆ. ನಿದ್ದೆ ಹತ್ತುವ ಹೊತ್ತಿಗೆ ಪಟಾಕಿ ಹೊಡೆದಂತೆ ‘ಟಪ್’ ಎಂಬ ಸದ್ದು. ಅದರ ಹಿಂದೆಯೇ ಹುಡುಗರ ಮೌನ. ಗದ್ದಲಕ್ಕಿಂತ ಆ ಮೌನವೇ ನನ್ನನ್ನು ಎಬ್ಬಿಸಿದ್ದು.

ಹೊರಗೆ ಬಂದಾಗ ಉಳಿದವರೆಲ್ಲ ಮಾಯ. ಎದುರು ಮನೆಯ ಹುಡುಗನೊಬ್ಬನೇ, ಕೈಯಲ್ಲಿ ಟೆನ್ನಿಸ್ ಚೆಂಡು ಹಿಡಿದು, ಕಾರಿನ ಹಿಂಬಾಗಿಲ ಬಳಿ ನಿಂತಿದ್ದ. ಎಂಟನೆಯ ತರಗತಿ ಮುಗಿಸಿದ ಹುಡುಗ. ಗಾಜು ಪೂರ್ತಿ ಬಿರುಕುಬಿಟ್ಟು, ಜೇಡರ ಬಲೆಯಂತಾಗಿ, ಹೇಗೋ ಚೌಕಟ್ಟಿನಲ್ಲೇ ನಿಂತುಕೊಂಡಿತ್ತು. ಕೆಳಗಿನ ಮೂಲೆಯ ಒಂದಿಷ್ಟು ಮಾತ್ರ ಉದುರಿ, ಕಲ್ಲುಸಕ್ಕರೆ ಚೆಲ್ಲಿದ ಹಾಗೆ ನೆಲದ ಮೇಲೆ ಹೊಳೆಯುತ್ತಿತ್ತು.

“ಬಾಲ್ ಕಾರಿನ ಕೆಳಗೆ ಹೋಗಿತ್ತು ಸಾರ್. ತಗೊಳ್ಳೋಕೆ ಬಗ್ಗಿದೆ. ಅಷ್ಟೊತ್ತಿಗೆ ಅದು ತಾನೇ ಒಡೀತು ಸಾರ್” ಎಂದ.

ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾವ ನ್ಯಾಯಾಲಯಕ್ಕೆ ಬೇಕು? ಚೆಂಡು ಕೈಯಲ್ಲಿದೆ, ಗಾಜು ಒಡೆದಿದೆ, ಗೆಳೆಯರು ಓಡಿಹೋಗಿದ್ದಾರೆ. ನಾನು ಗದರಿದೆ. “ಒಡೆದದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೆ ನನಗೆ ಬೇಜಾರು” ಎಂದೂ ಸೇರಿಸಿದೆ. ನಾವು ಮೇಷ್ಟರುಗಳು ಬಹಳ ಇಷ್ಟಪಟ್ಟು ಆಡುವ ಮಾತು ಇದು. ಹುಡುಗನ ಕಣ್ಣಲ್ಲಿ ನೀರು ಬಂತು. ತಪ್ಪು ಒಪ್ಪಿಕೊಂಡ ಲಕ್ಷಣವೆಂದೇ ನಾನು ಅದನ್ನು ತಿಳಿದೆ.

ಸಂಜೆ ಅವರ ತಂದೆ ಬಂದರು. ಮೆಕ್ಕೆಜೋಳದ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರು, ಮಾತು ಕಡಿಮೆ. “ಹುಡುಗನಿಗೆ ಎರಡು ಬಿಟ್ಟಿದೀನಿ ಸಾರ್. ಬ್ಯಾಟನ್ನ ಅಟ್ಟದ ಮೇಲೆ ಹಾಕಿದೀನಿ. ಈ ರಜಾ ಪೂರ್ತಿ ಆಟ ಇಲ್ಲ ಅವನಿಗೆ” ಎಂದು, ಐನೂರರ ಎರಡು ನೋಟನ್ನು ಮೇಜಿನ ಮೇಲಿಟ್ಟರು. “ಬೇಡಿ, ಇರಲಿ” ಎಂದು ನಾನು ಒಂದು ಸಲ ಹೇಳಿದೆ. ಎರಡನೆಯ ಸಲ ಹೇಳಲಿಲ್ಲ. ಅವರು ಹೋದ ಮೇಲೆ ನನ್ನ ಹೆಂಡತಿ ನೋಟುಗಳನ್ನೂ ನನ್ನನ್ನೂ ನೋಡಿ, “ಆ ಮೆತ್ತನೆ ಚೆಂಡಿಗೆ ಕಾರಿನ ಗಾಜು ಒಡೆಯುತ್ತಾ?” ಎಂದು ಕೇಳಿದಳು. ಭೌತಶಾಸ್ತ್ರ ಓದಿದವನು ನಾನು. ಪ್ರಶ್ನೆ ಕೇಳಿದವಳು ಅವಳು. “ಒಡೆದಿದೆಯಲ್ಲ, ಇನ್ನೇನು?” ಎಂದು ಬಾಯಿ ಮುಚ್ಚಿಸಿದೆ.

ಆದರೂ ಅವಳು ಒಂದು ಒಳ್ಳೆಯ ಕೆಲಸ ಮಾಡಿದಳು. ರಟ್ಟಿನ ಪೆಟ್ಟಿಗೆಗೆ ಅಂಟಿಸುವ ಅಗಲವಾದ ಕಂದು ಟೇಪನ್ನು ತಂದು, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಬಿರುಕು ಬಿಟ್ಟ ಗಾಜಿಗೆ ಒಳಗೂ ಹೊರಗೂ ಮೆಲ್ಲಗೆ ಅಂಟಿಸಿದಳು. ದಾರಿಯಲ್ಲಿ ಚೂರುಗಳು ಸೀಟಿನ ಮೇಲೆ ಉದುರದಿರಲಿ ಎಂಬುದಷ್ಟೇ ಅವಳ ಉದ್ದೇಶ. ಆ ಟೇಪು ಮರುದಿನ ಇನ್ನೊಂದು ಕೆಲಸಕ್ಕೂ ಬಂತು.

ಮರುದಿನ ಹಳೇ ಪಿ.ಬಿ. ರಸ್ತೆಯ ಕಡೆ, ಕಾರಿನ ಗಾಜು ಹಾಕುವ ಅಂಗಡಿಯೊಂದಕ್ಕೆ ಹೋದೆ. ಒಂದು ಹಾಳೆ ಗಾಜು ತಂದು ಅಳತೆಗೆ ಕತ್ತರಿಸಿ ಕೂರಿಸುತ್ತಾರೆ ಎಂದುಕೊಂಡಿದ್ದವನಿಗೆ ಮೇಸ್ತ್ರಿ ಮೊದಲ ಪಾಠ ಹೇಳಿದ. “ಇದನ್ನ ಕತ್ತರಿಸೋಕೆ ಬರಲ್ಲ ಸಾರ್. ಕೊಯ್ದರೆ ಎಲ್ಲ ಪುಡಿ. ನಿಮ್ಮ ಗಾಡಿದೇ, ಎಡಗಡೆ ಹಿಂದಿನ ಬಾಗಿಲದೇ ತರಿಸ್ಬೇಕು.” ಹುಡುಗನೊಬ್ಬನನ್ನು ಗಾಜು ತರಲು ಕಳಿಸಿ, ಬಾಗಿಲು ಬಿಚ್ಚತೊಡಗಿದ.

ಆ ಕೆಲಸ ನೋಡುವಂಥದ್ದು. ಗಾಜು ಏರಿಸಿಳಿಸುವ ಹಿಡಿಯ ಹಿಂದೆ ಒಂದು ಹಳೆಯ ಬಟ್ಟೆಯ ಪಟ್ಟಿ ತೂರಿಸಿ ಅತ್ತಿತ್ತ ಎಳೆದ. ಒಳಗಿದ್ದ ಸಣ್ಣ ಕ್ಲಿಪ್ಪು ಹೊರಕ್ಕೆ ಹಾರಿ ಹಿಡಿ ಕೈಗೆ ಬಂತು. ನಾಲ್ಕು ಸ್ಕ್ರೂ ತೆಗೆದು ಬಾಗಿಲಿನ ಒಳಹೊದಿಕೆಯನ್ನು ಮೀಟಿ ತೆಗೆದ. ಅದರ ಹಿಂದೆ ಮಳೆನೀರು ಒಳಗೆ ಬಾರದಂತೆ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಅದನ್ನು ಹರಿಯದಂತೆ ಬಿಡಿಸಿ ಪಕ್ಕಕ್ಕಿಟ್ಟ. ಬಾಗಿಲಿನ ಹೊಟ್ಟೆಯೊಳಗೆ ಬಿದ್ದಿದ್ದ ಚೂರುಗಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆದು, ತಳದಲ್ಲಿರುವ ಸಣ್ಣ ತೂತುಗಳಿಗೆ ತಂತಿ ಹಾಕಿ ಬಿಡಿಸಿದ. ಬಾಗಿಲೊಳಗೆ ಇಳಿಯುವ ಮಳೆನೀರು ಹೊರಗೆ ಹೋಗುವುದು ಆ ತೂತುಗಳಿಂದಲೇ. ಗಾಜಿನ ಚೂರು ಅಲ್ಲಿ ಕೂತರೆ ನೀರು ನಿಂತು, ವರ್ಷ ಕಳೆಯುವುದರೊಳಗೆ ಬಾಗಿಲು ತುಕ್ಕು ಹಿಡಿಯುತ್ತದಂತೆ.

ಕಡೆಗೆ, ಟೇಪಿನಿಂದಾಗಿ ಇಡಿಯಾಗಿಯೇ ಉಳಿದಿದ್ದ ಒಡೆದ ಗಾಜನ್ನು ಚಾಪೆ ಎತ್ತಿದಂತೆ ಎತ್ತಿ ನೆಲಕ್ಕೆ ಹಾಸಿದ. ಹೊರಗಡೆಯ ಟೇಪನ್ನು ಒಂದು ಮೂಲೆಯಿಂದ ಸುಲಿದು, ಬಗ್ಗಿ ನೋಡಿ, “ಏನು ತಾಗ್ಸಿದ್ರಿ ಸಾರ್ ಇದಕ್ಕೆ?” ಎಂದು ಕೇಳಿದ.

“ಹುಡುಗರ ಕ್ರಿಕೆಟ್ ಚೆಂಡು.”

“ಬಾಲ್ ಅಲ್ಲ ಸಾರ್ ಇದು” ಎಂದ. “ಇಲ್ಲಿ ನೋಡ್ರಿ, ಗೀಟೆಲ್ಲ ಎಲ್ಲಿಂದ ಹೊರಟಾವೆ?”

ನೋಡಿದೆ. ಬಿರುಕುಗಳೆಲ್ಲ ಗಾಡಿಯ ಚಕ್ರದ ಅರೆಕಾಲುಗಳಂತೆ ಒಂದೇ ಕಡೆಯಿಂದ ಹರಡಿಕೊಂಡಿದ್ದವು. ಆ ಜಾಗ ಗಾಜಿನ ನಡುವೆ ಇರಲಿಲ್ಲ. ಮೇಲಿನ ಅಂಚಿನಲ್ಲಿತ್ತು. “ಬಾಲ್ ಬಿದ್ದಿದ್ರೆ ಬಯಲಲ್ಲಿ ಇರ್ತಿತ್ತು ಸಾರ್. ಇದು ಅಂಚಿಗೆ ಬಿದ್ದ ಪೆಟ್ಟು. ಮೊದ್ಲೇ ಬಿದ್ದಿರುತ್ತೆ, ಬಿಸಿಲಿಗೆ ಬಾಯಿ ಬಿಟ್ಟೈತೆ.”

ಆಗ ನನಗೆ ನೆನಪಾಯಿತು. ಅದಕ್ಕೆ ನಾಲ್ಕು ದಿನ ಮೊದಲು ಪರದೆ ಹಾಕುವ ಮೂರು ಸ್ಟೀಲ್ ಕೊಳವೆಗಳನ್ನು ಕೊಂಡು ತಂದಿದ್ದೆ. ಕಾರಿನೊಳಗೆ ಹಿಡಿಸದೆ, ತುದಿಯನ್ನು ಇದೇ ಕಿಟಕಿಯಿಂದ ಹೊರಗೆ ಚಾಚಿ, ಅಲುಗಾಡದಿರಲಿ ಎಂದು ಗಾಜನ್ನು ಮೇಲೇರಿಸಿ ಬಿಗಿ ಮಾಡಿದ್ದೆ. ದಾರಿಯುದ್ದಕ್ಕೂ ಪ್ರತಿ ಹಂಪಿನಲ್ಲೂ ಕೊಳವೆ ಗಾಜಿನ ಅಂಚನ್ನು ಕಟಕಟ ಕುಟ್ಟುತ್ತಿತ್ತು. ಮನೆಗೆ ಬಂದು ಅಂಚಿನ ಮೇಲೆ ಬೆರಳಾಡಿಸಿದಾಗ ಅಕ್ಕಿನುಚ್ಚಿನಷ್ಟು ಚಕ್ಕೆ ಎದ್ದದ್ದು ತಾಗಿತ್ತು. “ಇಷ್ಟೇ ತಾನೆ” ಎಂದು ಮರೆತಿದ್ದೆ.

ಹೊಸ ಗಾಜು ಬರುವ ತನಕ ಅಂಗಡಿಯ ಸ್ಟೂಲಿನ ಮೇಲೆ ಕೂತು, ನಾನೇ ಮೂವತ್ತೆರಡು ವರ್ಷ ಹೇಳಿದ ಪಾಠವನ್ನು ನನಗೇ ಹೇಳಿಕೊಂಡೆ. ಕಾರಿನ ಪಕ್ಕದ ಕಿಟಕಿಗಳ ಗಾಜು ಸಾಮಾನ್ಯವಾಗಿ ಹದಗೊಳಿಸಿದ ಗಾಜು. ಅಳತೆಗೆ ಕತ್ತರಿಸಿ, ಅಂಚು ಉಜ್ಜಿ, 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಎರಡೂ ಕಡೆಯಿಂದ ರಭಸವಾಗಿ ತಣ್ಣನೆಯ ಗಾಳಿ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಒಳಭಾಗ ನಿಧಾನವಾಗಿ ತಣಿದು ಕುಗ್ಗಲು ಹೊರಡುತ್ತದೆ. ಗಟ್ಟಿಯಾದ ಹೊರಮೈ ಬಿಡುವುದಿಲ್ಲ. ಹೀಗಾಗಿ ಹೊರಮೈ ಸದಾ ಒತ್ತಡದಲ್ಲಿ, ಒಳಮೈ ಸದಾ ಎಳೆತದಲ್ಲಿ ಉಳಿಯುತ್ತವೆ. ಆ ಒತ್ತಡದಿಂದಲೇ ಅದಕ್ಕೆ ಮಾಮೂಲಿ ಗಾಜಿನ ನಾಲ್ಕೈದು ಪಟ್ಟು ಬಲ. ಚೆಂಡನ್ನು ತಡೆದುಕೊಳ್ಳುತ್ತದೆ, ಮೊಣಕೈಯ ಗುದ್ದನ್ನೂ ತಡೆದುಕೊಳ್ಳುತ್ತದೆ. ಆದರೆ ಒತ್ತಡದ ಆ ಪದರ ಒಂದು ಮಿಲಿಮೀಟರಿನಷ್ಟೂ ದಪ್ಪವಿಲ್ಲ. ಬಿರುಕು ಅದನ್ನು ದಾಟಿ ಒಳಗಿನ ಎಳೆತದ ಭಾಗವನ್ನು ಮುಟ್ಟಿತೋ, ಮುಗಿಯಿತು. ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಅದು ಇಡೀ ಗಾಜಿಗೆ ಹರಡುತ್ತದೆ. ಅಂಚು ಇದರ ಮರ್ಮಸ್ಥಾನ. ಅಂಚಿನಲ್ಲೆದ್ದ ಚಕ್ಕೆ ದಿನಗಟ್ಟಲೆ ಸುಮ್ಮನಿದ್ದು, ಯಾವುದೋ ಮಧ್ಯಾಹ್ನದ ಕಾವಿಗೋ, ಬಾಗಿಲು ಬಡಿದ ಅದುರಿಗೋ ಗಾಜನ್ನು ಸಿಡಿಸಬಹುದು.

ಚೂರುಗಳು ಮೊಂಡಾಗಿ ಸಣ್ಣಗೆ ಉದುರುವುದು ಒಳಗೆ ಕೂತವರ ಕ್ಷೇಮಕ್ಕೆ. ಮುಂದಿನ ಗಾಜು ಬೇರೆ ಜಾತಿಯದು. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪೊರೆ ಇರುವುದರಿಂದ ಬಿರುಕು ಬಿಟ್ಟರೂ ಉದುರುವುದಿಲ್ಲ. ಎ.ಸಿ. ಬಸ್ಸುಗಳ ಕಿಟಕಿಯ ಪಕ್ಕ ಮೊನಚು ತುದಿಯ ಪುಟ್ಟ ಸುತ್ತಿಗೆ ಸಿಕ್ಕಿಸಿರುತ್ತಾರಲ್ಲ, ಅದರ ಗುಟ್ಟೂ ಇದೇ. ಆಪತ್ತಿನಲ್ಲಿ ಆ ಮೊನೆಯಿಂದ ಗಾಜಿನ ಮೂಲೆಗೆ ಹೊಡೆಯಬೇಕು, ನಡುವಿಗಲ್ಲ.

ಇದೆಲ್ಲ ನನಗೆ ಗೊತ್ತಿಲ್ಲದ್ದೇನಲ್ಲ. ರೂಪರ್ಟನ ಹನಿಗಳ ಕತೆಯನ್ನು ಪ್ರತಿ ವರ್ಷ ತರಗತಿಯಲ್ಲಿ ರಸವತ್ತಾಗಿ ಹೇಳುತ್ತಿದ್ದೆ. ಕರಗಿದ ಗಾಜನ್ನು ತಣ್ಣೀರಿಗೆ ತೊಟ್ಟಿಕ್ಕಿಸಿದರೆ ಗೊದಮೊಟ್ಟೆಯ ಆಕಾರದ ಹನಿಯಾಗುತ್ತದೆ. ತಲೆಯನ್ನು ಸುತ್ತಿಗೆಯಿಂದ ಬಡಿದರೂ ಜಗ್ಗದು. ಬಾಲದ ತುದಿ ಚಿವುಟಿದರೆ ಇಡೀ ಹನಿ ಪುಡಿಪುಡಿ. ರಾಜಕುಮಾರ ರೂಪರ್ಟ್ ಇದನ್ನು 1660ರಲ್ಲಿ ಇಂಗ್ಲೆಂಡಿಗೆ ತಂದ, ದೊರೆ ಎರಡನೆಯ ಚಾರ್ಲ್ಸ್ ಮರುವರ್ಷ ಪರೀಕ್ಷೆಗೆಂದು ರಾಯಲ್ ಸೊಸೈಟಿಗೆ ಕೊಟ್ಟ ಎಂದೆಲ್ಲ ಹೇಳಿ, “ಕಣ್ಣಿಗೆ ಕಂಡದ್ದನ್ನು ಪರೀಕ್ಷಿಸದೆ ನಂಬಬೇಡಿ” ಎಂದು ಪಾಠ ಮುಗಿಸುತ್ತಿದ್ದೆ. ನನ್ನ ಗೇಟಿನ ಮುಂದೆಯೇ ಅದು ನಡೆದಾಗ ನನಗೆ ಕಂಡದ್ದು ಚೆಂಡು ಹಿಡಿದ ಹುಡುಗ ಮಾತ್ರ.

ಹೊಸ ಗಾಜು ಬಂತು. ಮೂಲೆಯಲ್ಲಿ ಐಎಸ್‌ಐ ಗುರುತು ಇದೆಯೇ ಎಂದು ನೋಡಿದೆ, ಇತ್ತು. ಮೇಸ್ತ್ರಿ ಅದನ್ನು ಓರೆಯಾಗಿ ಬಾಗಿಲೊಳಗೆ ಇಳಿಸಿ, ರಬ್ಬರಿನ ಬೀಡಿಂಗಿನಲ್ಲಿ ಕೂರಿಸಿ, ಏರಿಸುವ ಕೈಗೆ ಬಿಗಿದು, ನಾಲ್ಕು ಸಲ ಮೇಲೆ ಕೆಳಗೆ ಮಾಡಿ ನೋಡಿದ ಮೇಲೆಯೇ ಹೊದಿಕೆ ಹಾಕಿದ. ಕೂಲಿ ಸೇರಿ ಸಾವಿರದ ಎಂಟುನೂರು ರೂಪಾಯಿ. ಕೊಡುವಾಗ ಅಂಗಿಯ ಜೇಬಿನಲ್ಲಿದ್ದ ಐನೂರರ ಎರಡು ನೋಟುಗಳನ್ನು ಬಿಟ್ಟು ಬೇರೆ ಹಣ ಕೊಟ್ಟೆ.

ಸಂಜೆ ಎದುರು ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿ ನೋಟುಗಳನ್ನು ಹಿಂದಕ್ಕೆ ಕೊಟ್ಟಾಗ ತಂದೆಗೆ ಮುಜುಗರವಾಯಿತು. “ಇರಲಿ ಬಿಡಿ ಸಾರ್. ಹುಡುಗರಿಗೆ ಒಂದೇಟು ಬಿದ್ದರೆ ಏನಾಗುತ್ತೆ, ಇನ್ಯಾವುದಕ್ಕೋ ಜಮಾ” ಎಂದು ನಗಲು ನೋಡಿದರು. ನನಗೆ ನಗು ಬರಲಿಲ್ಲ. “ಹುಡುಗನನ್ನು ಕರೆಯಿರಿ” ಎಂದೆ. ಅವನು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ. ಇನ್ನೂ ಏನು ತಪ್ಪು ಬಂತೋ ಎಂಬ ಮುಖ. “ಗಾಜು ನೀನು ಒಡೆದದ್ದಲ್ಲಪ್ಪ. ನೀನು ಹೇಳಿದ್ದು ನಿಜ. ನಾನು ಕೇಳಬೇಕಾಗಿತ್ತು, ಕೇಳಲಿಲ್ಲ. ನನ್ನದು ತಪ್ಪಾಯಿತು” ಎಂದೆ. ಹೇಳಿದ್ದು ನಾಲ್ಕೇ ಮಾತು. ಆದರೆ ಮೂವತ್ತೆರಡು ವರ್ಷದ ನೌಕರಿಯಲ್ಲಿ ಒಬ್ಬ ವಿದ್ಯಾರ್ಥಿಗೂ ನಾನು ಇವನ್ನು ಹೇಳಿದ ನೆನಪಿಲ್ಲ. ಪ್ರಯೋಗಾಲಯದ ಥರ್ಮಾಮೀಟರುಗಳೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು. ಅವುಗಳಲ್ಲಿ ಎಷ್ಟು ನಿಜವಾಗಿ ತಾವಾಗಿಯೇ ಒಡೆದಿದ್ದವೋ!

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಹೇಳಿದ್ನಲ್ಲ ಸಾರ್” ಎಂದ. ಅಷ್ಟೇ. ಅದರಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಬ್ಯಾಟು ಅಟ್ಟದಿಂದ ಇಳಿಯಿತು, ಆಟ ಮತ್ತೆ ಶುರುವಾಯಿತು. ಆದರೆ ರಜೆ ಮುಗಿಯುವ ತನಕ ನಮ್ಮ ಕಡೆ ಬಂದ ಚೆಂಡನ್ನು ತರಲು ಅವನು ಚಿಕ್ಕ ಹುಡುಗರನ್ನೇ ಕಳಿಸುತ್ತಿದ್ದ. ಗಾಜು ಬದಲಿಸಲು ಒಂದು ಬೆಳಗು ಸಾಕಾಗಿತ್ತು.

ಶಾಲೆ ಶುರುವಾದ ಮೇಲೆ ಒಂದು ಭಾನುವಾರ ಚೆಂಡು ಮತ್ತೆ ಕಾರಿನ ಕೆಳಗೆ ಉರುಳಿತು. ನಾನು ಜಗಲಿಯಲ್ಲಿ ಪೇಪರು ಓದುತ್ತಿದ್ದೆ. ಈ ಸಲ ಅವನೇ ಬಂದ. ಮೊದಲೆಲ್ಲ ಕೇಳದೆ ನುಗ್ಗುತ್ತಿದ್ದವನು ಗೇಟಿನ ಹೊರಗೆ, ಕಾರಿನಿಂದ ಎರಡು ಮಾರು ದೂರದಲ್ಲಿ ನಿಂತು, “ಸಾರ್, ತಗೊಳ್ಳಲಾ?” ಎಂದ. “ತಗೊಳ್ಳಪ್ಪ” ಎಂದೆ. ಅವನು ಕಾರಿಗೆ ಮೈ ತಾಗದಂತೆ ಬಗ್ಗಿ ಚೆಂಡು ತೆಗೆದುಕೊಂಡು ಓಡಿದ.